ರಾತ್ರಿ ಎರಡು ಗಂಟೆಯ ತ್ರೀಫೇಸ್

ಷಡ್ಡಕನ ಹೊಸ ಮನೆಯ ಗೃಹಪ್ರವೇಶದ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಸುತ್ತು ಹೊಡೆಯುವ ಹೊತ್ತಿಗೆ ಮಾತು ಕರೆಂಟಿನ ಬಿಲ್ಲಿಗೆ ಬಂದಿತ್ತು. ಬೆಂಗಳೂರಿನಲ್ಲಿ ನಾಲ್ಕು ಜನ ನಡುವಯಸ್ಸಿನ ಗಂಡಸರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರೆ ಮಾತು ಸೈಟಿನ ಬೆಲೆಯಲ್ಲಿ ಶುರುವಾಗಿ ಸರ್ಕಾರದ ತನಕ ಹೋಗಿಯೇ ತೀರುತ್ತದೆ. ಒಬ್ಬರಿಗೆ ಗೃಹಜ್ಯೋತಿಯ ಮೇಲೆ ಸಿಟ್ಟು. ಇನ್ನೂರು ಯೂನಿಟ್ ಬಿಟ್ಟಿ ಕೊಟ್ಟು ರಾಜ್ಯವನ್ನು ಮುಳುಗಿಸುತ್ತಿದ್ದಾರೆ ಎಂದರು. ಅವರ ಮನೆಯ ಬಿಲ್ಲೂ ಸೊನ್ನೆಯೇ ಬರುತ್ತದೆ ಎಂಬುದು ನನಗೆ ಗೊತ್ತಿತ್ತು, ಹೇಳಲಿಲ್ಲ. ಇನ್ನೊಬ್ಬರು ಹಾಗಾದರೆ ಕಾರ್ಖಾನೆಗಳಿಗೆ ಕೊಡುವ ರಿಯಾಯಿತಿ ಬಿಟ್ಟಿಯಲ್ಲವೇ ಎಂದು ಎದ್ದರು. ಷಡ್ಡಕನ ಮಗ, ಪರಿಸರ ವಿಜ್ಞಾನ ಓದುತ್ತಿರುವ ಹುಡುಗ, ಕಲ್ಲಿದ್ದಲು ನಿಲ್ಲಿಸದಿದ್ದರೆ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ ಎಂದ. ಅವನ ದೊಡ್ಡಪ್ಪ, ಮೊದಲು ಅಮೆರಿಕದವರು ನಿಲ್ಲಿಸಲಿ, ಆಮೇಲೆ ನಮ್ಮ ಮಾತು ಎಂದರು. ಟಿ.ವಿ. ಚರ್ಚೆಯಲ್ಲಿ ಬರುವ ಎಲ್ಲ ಪಾತ್ರಗಳೂ ಒಂದೇ ಶಾಮಿಯಾನದ ಕೆಳಗೆ ಸೇರಿದಂತಿತ್ತು.

ನಮ್ಮ ಮಾವನವರು ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವರ ಅಂಗಿಯ ಜೇಬಿನ ಸಣ್ಣ ಫೋನು ಇದ್ದಕ್ಕಿದ್ದಂತೆ ಹೊಡೆದುಕೊಂಡಿತು. ಗಡಬಡಿಸಿ ಎದ್ದು ಕಿವಿಗೆ ಹಿಡಿದರು. ಅವರಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಫೋನಿನ ಸದ್ದು ಯಾವಾಗಲೂ ಗರಿಷ್ಠದಲ್ಲಿರುತ್ತದೆ. ಆ ಕಡೆಯ ಹೆಣ್ಣು ದನಿ ನಮಗೆಲ್ಲ ಕೇಳಿಸಿತು: ವಿದ್ಯುತ್ ಬಂದಿದೆ, ಮೋಟಾರ್ ಚಾಲನೆಯಲ್ಲಿದೆ. ಅದು ಮನುಷ್ಯರ ಕರೆಯಲ್ಲ, ಊರಿನ ಬೋರಿನ ಬಳಿಯ ಸ್ಟಾರ್ಟರ್ ಡಬ್ಬಿಗೆ ಹಾಕಿರುವ ಸಿಮ್ಮು ಮಾಡುವ ಕರೆ. ಮಾವ ಗಡಿಯಾರ ನೋಡಿ, 'ಮೂರೂವರೆಗೇ ಕೊಟ್ಟುಬಿಟ್ಟಿದ್ದಾರೆ, ಪಾಳಿ ಬದಲಾಗಿರಬೇಕು' ಎಂದವರೇ ಪಕ್ಕದ ತೋಟದವನಿಗೆ ಫೋನು ಹಚ್ಚಿ ಗೇಟ್‌ವಾಲ್ವ್ ತಿರುಗಿಸಲು ಹೇಳಿ ಮತ್ತೆ ಕೂತರು. ಅಷ್ಟರಲ್ಲಿ ನಮ್ಮ ಚರ್ಚೆ ಎಲ್ಲಿ ನಿಂತಿತ್ತೆಂಬುದು ಯಾರಿಗೂ ನೆನಪಿರಲಿಲ್ಲ.

ಅರ್ಧ ಗಂಟೆಯಿಂದ ನಾವು ನಾಲ್ವರು ಕರೆಂಟಿನ ಬಗ್ಗೆ ಮಾತಾಡಿದ್ದೆವು. ಎಷ್ಟು ಯೂನಿಟ್, ಎಷ್ಟು ರೂಪಾಯಿ, ಎಷ್ಟು ಇಂಗಾಲ ಎಲ್ಲವೂ ಬಂದಿತ್ತು. ಎಷ್ಟು ಹೊತ್ತಿಗೆ ಎಂಬ ಮಾತು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಆ ಮಧ್ಯಾಹ್ನದಿಂದ ಇದು ನನ್ನನ್ನು ಬಿಡದೆ ಕಾಡುತ್ತಿದೆ.

ಯಾವ ಏಳು ಗಂಟೆ?

ನನ್ನ ಹೆಂಡತಿಯ ತವರು ಶಿರಾ ಸೀಮೆ. ಮದುವೆಯಾದ ಹೊಸತರಲ್ಲಿ, ಇಪ್ಪತ್ತು ವರ್ಷದ ಹಿಂದೆ, ಅಲ್ಲಿ ಮಲಗಿದ್ದಾಗ ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಓಡಾಟ ಕೇಳಿ ಎಚ್ಚರವಾಯಿತು. ಯಾರಿಗೋ ಹುಷಾರಿಲ್ಲವೇನೋ ಎಂದು ಹೊರಗೆ ಬಂದರೆ ಮಾವ ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಟಾರ್ಚು, ಹೆಗಲಿಗೆ ಸನಿಕೆ ಏರಿಸಿ ಹೊರಟಿದ್ದರು. ನಾನೂ ಬರುತ್ತೇನೆ ಎಂದೆ. ಮಲೆನಾಡಿನ ಅಳಿಯನಿಗೆ ಬಯಲುಸೀಮೆಯ ರಾತ್ರಿ ತೋರಿಸುವುದರಲ್ಲಿ ಅವರಿಗೂ ಸ್ವಲ್ಪ ಖುಷಿಯಿತ್ತು. ಬದುವಿನ ಮೇಲೆ ಅವರ ಹಿಂದೆ ನಡೆದೆ. ಪ್ರತಿ ನಾಲ್ಕು ಹೆಜ್ಜೆಗೊಮ್ಮೆ ಸನಿಕೆಯ ಹಿಡಿಯಿಂದ ನೆಲಕ್ಕೆ ಕುಟ್ಟುತ್ತಿದ್ದರು. ಯಾಕೆಂದು ಕೇಳಬೇಕಾಗಲಿಲ್ಲ, ಹಾವು ಎಲ್ಲ ಸೀಮೆಯಲ್ಲೂ ಇದೆ. ಕಡಲೆಕಾಯಿ ಹೊಲದ ಆಚೆ, ಈಚೆ, ದೂರದ ದಿಣ್ಣೆಯ ಮೇಲೆ, ಎಲ್ಲೆಲ್ಲೂ ಟಾರ್ಚುಗಳು ಓಡಾಡುತ್ತಿದ್ದವು. ಇಡೀ ಊರಿನ ಗಂಡಸರು ಎದ್ದಿದ್ದರು. ಮೋಟಾರಿನ ಮನೆಯ ಬಾಗಿಲು ತೆಗೆದು, ಕಾಲಿಗೆ ರಬ್ಬರ್ ಚಪ್ಪಲಿ ಇದೆಯೇ ಎಂದು ನನ್ನನ್ನು ಎರಡು ಸಲ ಕೇಳಿ, ಹಸಿರು ಗುಂಡಿ ಒತ್ತಿದರು. ಮೋಟಾರು ಒಮ್ಮೆ ಗುರ್ ಎಂದು ಸುಮ್ಮನಾಯಿತು. ವೋಲ್ಟೇಜ್ ಇಲ್ಲ. ಎಲ್ಲರೂ ಒಟ್ಟಿಗೆ ಹಾಕಿದ್ದಾರೆ, ಹತ್ತು ನಿಮಿಷ ಬಿಡಬೇಕು ಎಂದರು. ಆ ಹತ್ತು ನಿಮಿಷ ಕಲ್ಲಿನ ಮೇಲೆ ಕೂತು ಬೀಡಿ ಸೇದಿದರು.

ಆಗ ಅವರು ಹೇಳಿದ ಮಾತು ನೆನಪಿದೆ. 'ನಮಗೆ ಕರೆಂಟು ಬಿಟ್ಟಿ ಎನ್ನುತ್ತಾರೆ. ಟೀಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಊರವರೆಲ್ಲ ಕಾಸು ಹಾಕಿ ಟ್ರಾಕ್ಟರ್ ಬಾಡಿಗೆ ಕಟ್ಟಿ ಸಾಗಿಸಬೇಕು, ಮೋಟಾರ್ ಸುಟ್ಟರೆ ವೈಂಡಿಂಗಿಗೆ ಕೊಡಬೇಕು, ನಿದ್ದೆಗೆ ಲೆಕ್ಕವೇ ಇಲ್ಲ.' ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳ ಬಿಲ್ಲನ್ನು ಈ ರಾಜ್ಯದಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳೂ ತಾವೇ ಭರಿಸುತ್ತ ಬಂದಿವೆ. ಅದನ್ನು ತೆಗೆಯುವ ಧೈರ್ಯ ಯಾರಿಗೂ ಇಲ್ಲ. ಆದರೆ ಬಿಲ್ ಕಟ್ಟದವನಿಗೆ ಹೊತ್ತು ಆರಿಸುವ ಹಕ್ಕೂ ಇಲ್ಲ ಎಂಬುದು ಆ ಒಪ್ಪಂದದ ಬರೆಯದ ಷರತ್ತು. ಸಂಜೆ ನಗರದ ದೀಪ, ಟಿ.ವಿ., ಗೀಸರು, ಕಾರ್ಖಾನೆ ಎಲ್ಲ ಮುಗಿದ ಮೇಲೆ ತಂತಿಯಲ್ಲಿ ಉಳಿದದ್ದು ಹೊಲಕ್ಕೆ ಹೋಗುತ್ತಿತ್ತು. ಕಲ್ಲಿದ್ದಲಿನ ಸ್ಥಾವರವನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಲು ಅದು ಒಲೆಯಲ್ಲ. ಕಡಿಮೆ ಉರಿಯಲ್ಲಾದರೂ ಅದು ಉರಿಯುತ್ತಲೇ ಇರಬೇಕು. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಆ ರಾತ್ರಿಯ ಉರಿಗೆ ಒಂದು ಗಿರಾಕಿ ಬೇಕಿತ್ತು, ಶಿರಾದ ನಮ್ಮ ಮಾವ ಸಿಕ್ಕಿದರು.

2023ರಲ್ಲಿ ಏನಾಯಿತೆಂಬುದು ನಮಗೆಲ್ಲ ನೆನಪಿದೆ. ಆಗಸ್ಟ್ ಒಣಗಿತು, 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು, ಮಳೆಗಾಲದ ಬಾಲದಲ್ಲಿ ವಿಶ್ರಾಂತಿಯಲ್ಲಿರಬೇಕಾದ ಪಂಪುಗಳೆಲ್ಲ ಒಟ್ಟಿಗೆ ತಿರುಗತೊಡಗಿದವು. ಅದೇ ಹೊತ್ತಿಗೆ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿರಲಿಲ್ಲ. ಬರ ಬಂದರೆ ಬೇಡಿಕೆ ಏರುತ್ತದೆ, ಜಲವಿದ್ಯುತ್ ಇಳಿಯುತ್ತದೆ. ಹವಾಮಾನ ಬದಲಾವಣೆ ಎಂಬುದು ನಮ್ಮಲ್ಲಿ ಕರಗುವ ಹಿಮಗಡ್ಡೆಯ ಚಿತ್ರವಾಗಿಯಲ್ಲ, ಹೀಗೆ ಎರಡೂ ಕಡೆಯಿಂದ ಹಿಂಡುವ ಇಕ್ಕಳವಾಗಿ ಬರುತ್ತದೆ. ಪಂಪು ಓಡಿಸಲು ರೈತರಿಗೆ ದಿನಕ್ಕೆ ಕೊಡುತ್ತಿದ್ದ ಏಳು ಗಂಟೆಯ ತ್ರೀಫೇಸ್ ವಿದ್ಯುತ್ ಐದಕ್ಕೆ ಇಳಿಯಿತು. ವಿರೋಧ ಪಕ್ಷ ಸರ್ಕಾರ ವಿಫಲ ಎಂದಿತು, ಸರ್ಕಾರ ಬರ ಎಂದಿತು, ಪಂಜಾಬ್ ಮತ್ತು ಉತ್ತರ ಪ್ರದೇಶದಿಂದ ವಿದ್ಯುತ್ ತರಿಸುವ ಏರ್ಪಾಟಾಯಿತು, ನವೆಂಬರ್‌ನಲ್ಲಿ ಮತ್ತೆ ಏಳು ಗಂಟೆ ಎಂದು ಪ್ರಕಟಿಸಿದರು. ಸದನದಲ್ಲಿ ಐದೋ ಏಳೋ ಎಂಬ ಜಗಳ. ಯಾವ ಏಳು ಎಂದು ಕೇಳುತ್ತಿದ್ದವರು ಸಬ್‌ಸ್ಟೇಷನ್ ಮುಂದೆ ಕೂತಿದ್ದ ರೈತರು.

ಸೊನ್ನೆಯ ಒಳಗೆ

ಗೃಹಜ್ಯೋತಿಯ ಬಗ್ಗೆ ನನ್ನ ನಿಲುವು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಜಾರಿಕೊಂಡ ಹಾಗಾಗುತ್ತದೆ. 2023ರ ಆಗಸ್ಟ್‌ನಲ್ಲಿ ಮೊದಲ ಸೊನ್ನೆಯ ಬಿಲ್ಲು ಬಂದಾಗ ನಮ್ಮ ಮನೆಗೆಲಸಕ್ಕೆ ಬರುವಾಕೆ ಅದನ್ನು ತಂದು ಓದಿಸಿಕೊಂಡಿದ್ದಳು. ಕಟ್ಟಬೇಕಾದ ಮೊತ್ತ ಸೊನ್ನೆ ಎಂದು ನಾನು ಹೇಳಿದ ಮೇಲೂ, ಮುಂದಿನ ತಿಂಗಳು ಸೇರಿಸಿ ಹಾಕುವುದಿಲ್ಲ ತಾನೇ ಎಂದು ಕೇಳಿದಳು. ಒಂದು ಫ್ಯಾನು, ಎರಡು ದೀಪ, ಒಂದು ಟಿ.ವಿ.ಯ ಮನೆಗೆ ಆ ಸೊನ್ನೆ ಸಣ್ಣದಲ್ಲ. ನನ್ನ ಮನೆಗೆ ಅದು ಬೇಕಿರಲಿಲ್ಲ. ಅಷ್ಟಾದರೂ ಅರ್ಜಿ ಹಾಕಿದ್ದೆ. ಎರಡೂ ಮಾತು ನಿಜ, ಎರಡನೆಯದಕ್ಕೆ ನಾಚಿಕೆಯೂ ಇದೆ.

ಆ ಯೋಜನೆಯ ಬುದ್ಧಿವಂತಿಕೆಯ ಭಾಗವನ್ನು ಯಾರೂ ಗಮನಿಸುವುದಿಲ್ಲ. ಎಲ್ಲರಿಗೂ ಇನ್ನೂರು ಎಂದಲ್ಲ, ಹಿಂದಿನ ವರ್ಷದ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಎಂದು ಗೆರೆ ಎಳೆದರು. ಬಿಟ್ಟಿ ಸಿಕ್ಕಿತೆಂದು ಉರಿಸಬೇಡಿ ಎಂಬ ಎಚ್ಚರ ಅದರಲ್ಲಿತ್ತು. ಆದರೆ ಆ ಗೆರೆಗೂ ಹೊತ್ತಿನ ಪರಿವೆ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಟ್ಟೆ ಒಗೆಯುವ ಯಂತ್ರ ಹಾಕಿದರೂ ಸಂಜೆ ಏಳೂವರೆಗೆ ಹಾಕಿದರೂ ಮೀಟರಿಗೆ ಒಂದೇ. ರಾಜ್ಯಗಳು ವಿದ್ಯುತ್ ಕೊಳ್ಳುವ, ಮಾರುವ ವಿನಿಮಯ ಕೇಂದ್ರದಲ್ಲಿ ಹಾಗಲ್ಲ. ಬಿಸಿಲು ಚೆನ್ನಾಗಿರುವ ದಿನ ಮಧ್ಯಾಹ್ನದ ಯೂನಿಟ್ ಕೇಳುವವರಿಲ್ಲದೆ ಬೀಳುತ್ತದೆ, ಸೂರ್ಯ ಮುಳುಗಿ ಮನೆಮನೆಯ ದೀಪ ಹತ್ತುವ ಹೊತ್ತಿಗೆ ಅದೇ ಯೂನಿಟ್ಟಿಗಾಗಿ ರಾಜ್ಯಗಳು ಪೈಪೋಟಿಗೆ ಬಿದ್ದು ಹತ್ತು ರೂಪಾಯಿಯ ಮಿತಿಗೆ ಹೋಗಿ ತಾಗುವುದುಂಟು. ಹಗಲಿನ ಸೌರ ಹೊತ್ತಿನಲ್ಲಿ ದರ ಕಡಿಮೆ, ಸಂಜೆ ಹೆಚ್ಚು ಇರಬೇಕೆಂದು ಕೇಂದ್ರ 2023ರಲ್ಲೇ ನಿಯಮ ಮಾಡಿದೆ. ದೊಡ್ಡ ಉದ್ದಿಮೆಗಳಿಗೆ ಅದು ಮುಟ್ಟಿದೆ. ನಮ್ಮಂಥ ಮನೆಗಳಿಗೆ ಹೊತ್ತಿನ ಲೆಕ್ಕ ಹಿಡಿಯುವ ಸ್ಮಾರ್ಟ್ ಮೀಟರ್ ಬಂದ ಮೇಲೆ ಎನ್ನುತ್ತಾರೆ. ಸ್ಮಾರ್ಟ್ ಮೀಟರ್ ಎಂದೊಡನೆ ಇಲ್ಲಿ ಟೆಂಡರ್ ಜಗಳ ಎದ್ದು, ಅದರ ಗದ್ದಲದಲ್ಲಿ ಮೀಟರು ಯಾಕೆ ಎಂಬುದೇ ಮರೆತುಹೋಯಿತು.

ಬೆಲೆಯ ಜಗಳಕ್ಕೆ ಇನ್ನೊಂದು ಮುಖವಿದೆ. 2025ರ ಏಪ್ರಿಲ್‌ನಿಂದ ಪ್ರತಿ ಯೂನಿಟ್ಟಿಗೆ 36 ಪೈಸೆ ಹೆಚ್ಚು ಬಂದದ್ದು ಕಲ್ಲಿದ್ದಲಿಗಾಗಿಯೂ ಅಲ್ಲ, ಸೌರಶಕ್ತಿಗಾಗಿಯೂ ಅಲ್ಲ, ನೌಕರರ ಪಿಂಚಣಿ ಮತ್ತು ಗ್ರ್ಯಾಚುಟಿಗಾಗಿ. ಅವರ ಪಿಂಚಣಿ ಅವರಿಗೆ ಸಲ್ಲಬೇಕಾದದ್ದೇ. ಆದರೆ ಹಸಿರು ಇಂಧನದಿಂದಲೇ ಬಿಲ್ ಏರಿತು ಎಂದು ಶಾಮಿಯಾನದ ಕೆಳಗೆ ಒಬ್ಬರು ಖಡಾಖಂಡಿತವಾಗಿ ಹೇಳಿದ್ದರಿಂದ ಇದನ್ನು ಬರೆಯಬೇಕಾಯಿತು.

ದೆಹಲಿಯ ಲೆಕ್ಕದಲ್ಲೂ ಇದೇ ಕತೆ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೊದ ಹವಾಮಾನ ಸಮಾವೇಶದಲ್ಲಿ ಪ್ರಧಾನಿ 2070ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆ ನಿವ್ವಳ ಶೂನ್ಯ ಎಂದರು, 2030ಕ್ಕೆ ಪಳೆಯುಳಿಕೆಯೇತರ ಮೂಲದಿಂದ 500 ಗಿಗಾವ್ಯಾಟ್ ಎಂದರು. ಅದೇ ಸಮಾವೇಶದ ಕೊನೆಯ ದಿನ ಕಲ್ಲಿದ್ದಲನ್ನು 'ಕೈಬಿಡುವುದು' ಎಂಬ ಮಾತನ್ನು ಭಾರತ ಪಟ್ಟು ಹಿಡಿದು 'ತಗ್ಗಿಸುವುದು' ಎಂದು ತಿದ್ದಿಸಿತು. 2025ರ ಜೂನ್‌ನಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆಯೇತರ ಎಂಬ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಅದಕ್ಕೆ ಮೂರು ತಿಂಗಳ ಮುಂಚೆ, 2025ರ ಮಾರ್ಚ್‌ನಲ್ಲಷ್ಟೇ, ಕಲ್ಲಿದ್ದಲ ಉತ್ಪಾದನೆ ವರ್ಷಕ್ಕೆ ನೂರು ಕೋಟಿ ಟನ್ ದಾಟಿತ್ತು, ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಅದರದ್ದೇ. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಅರ್ಧ ಎನ್ನುವುದು ಯಂತ್ರಗಳ ಲೆಕ್ಕ, ಮುಕ್ಕಾಲು ಎನ್ನುವುದು ಗಂಟೆಗಳ ಲೆಕ್ಕ. ಸೌರಫಲಕ ದಿನದಲ್ಲಿ ಕೆಲವೇ ಗಂಟೆ ದುಡಿಯುತ್ತದೆ, ರಾಯಚೂರಿನ ಕುಲುಮೆ ಹಗಲು ರಾತ್ರಿ ಉರಿಯುತ್ತದೆ. ಆಡಳಿತ ಪಕ್ಷ ಅರ್ಧವನ್ನು ಹಿಡಿದುಕೊಂಡಿದೆ, ಟೀಕಿಸುವವರು ಮುಕ್ಕಾಲನ್ನು. ಷಡ್ಡಕನ ಮಗನಿಗೆ ಇದನ್ನು ಹೇಳಿದಾಗ, 'ಹಾಗಾದರೆ ಹಗಲನ್ನು ಹಿಡಿದಿಟ್ಟುಕೊಳ್ಳಬೇಕು' ಎಂದ. ಸರಿಯಾದ ಮಾತು. ಆದರೆ ಹಗಲನ್ನು ಹಿಡಿದಿಡುವ ಜಾಗ ನನ್ನ ಅಜ್ಜಿಯ ಊರು.

ಮುಳುಗಡೆಯವರು

ನಮ್ಮದು ಸಾಗರ ತಾಲ್ಲೂಕಿನ ಹಿನ್ನೀರಿನ ಕಡೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜಿಯ ತೋಟ, ಗದ್ದೆ, ಮನೆ ನೀರಿನ ಕೆಳಗೆ ಹೋದವು. ಅಜ್ಜಿ ಮನೆಯನ್ನು 'ಮುಳುಗಿತು' ಎನ್ನುತ್ತಿರಲಿಲ್ಲ, 'ಬಿಟ್ಟೆವು' ಎನ್ನುತ್ತಿದ್ದರು, ತಾವೇ ಮನಸ್ಸು ಮಾಡಿ ಬಿಟ್ಟ ಹಾಗೆ. ಆ ನೀರಿನಿಂದ ಕೆಳಗೆ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಹುಟ್ಟಿತು, ದಶಕಗಳ ಕಾಲ ಬೆಂಗಳೂರು ಅದರಲ್ಲಿ ಬೆಳಗಿತು. ಅಜ್ಜಿ ಹೊಸದಾಗಿ ಕಟ್ಟಿಕೊಂಡ ಸೋಗೆಯ ಮನೆಯಲ್ಲಿ ನಾನು ನಾಲ್ಕನೇ ತರಗತಿಯವರೆಗೆ ಚಿಮಣಿ ದೀಪದಲ್ಲಿ ಮಗ್ಗಿ ಬರೆದಿದ್ದೇನೆ. ಮನೆಯ ಹಿಂದಿನ ಗುಡ್ಡದ ಮೇಲೆ ದೊಡ್ಡ ಕಂಬಗಳ ತಂತಿ ಹಾದುಹೋಗಿತ್ತು. ಮಳೆಗಾಲದ ಸಂಜೆ ಅದು ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು. ನಾವು ಮಕ್ಕಳು ಅದರಡಿಯಲ್ಲಿ ನಿಂತು, ಇದರೊಳಗೆ ನಮ್ಮ ಹಳೆಯ ಮನೆ ಹೋಗುತ್ತಿದೆ ಎಂದು ಆಟ ಕಟ್ಟಿಕೊಂಡಿದ್ದೆವು. ಇದು ನಮ್ಮ ಊರಿನ ವಿಶೇಷವೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತೂ ದಾರಿಯ ಹಳ್ಳಿಗಳ ತಲೆಯ ಮೇಲೆ ಸುಮಾರು ನೂರೈವತ್ತು ಕಿಲೋಮೀಟರ್ ಹಾದು ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು.

ನೀರು ತಳ ಕಂಡ ಒಂದು ಬೇಸಿಗೆಯಲ್ಲಿ ತಮ್ಮನೊಂದಿಗೆ ಮಡೇನೂರಿನ ಹಳೆಯ ಅಣೆಕಟ್ಟು ನೋಡಲು ಹೋಗಿದ್ದೆ. ಅದರ ಇನ್ನೊಂದು ಹೆಸರು ಹಿರೇಭಾಸ್ಕರ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು 1940ರ ದಶಕದಲ್ಲಿ ಕಟ್ಟಿದ್ದು. ಇಪ್ಪತ್ತು ವರ್ಷ ತುಂಬುವುದರೊಳಗೆ ಅದಕ್ಕಿಂತ ದೊಡ್ಡ ಅಣೆಕಟ್ಟು ಬಂದು ಇದನ್ನೇ ಮುಳುಗಿಸಿತು. ಬಿರುಕು ಬಿಟ್ಟ ಕೆಸರಿನ ಬಯಲಿನಲ್ಲಿ ಅರ್ಧ ಗಂಟೆ ನಡೆದ ಮೇಲೆ ಅದರ ಗೋಡೆ, ಸೈಫನ್ನಿನ ಬಾಯಿಗಳು ಎದುರಾದವು. ಅರವತ್ತು ವರ್ಷ ನೀರಿನಲ್ಲಿದ್ದರೂ ಕಲ್ಲಿನ ಅಂಚು ಹರಿತವಾಗಿತ್ತು. ಪಕ್ಕದಲ್ಲಿ ಬೊಡ್ಡೆಗಳು, ಕಡಿದ ಗುರುತು ಹಾಗೇ ಇತ್ತು. ತಮ್ಮ ಒಂದು ಬೊಡ್ಡೆಗೆ ಉಗುರಿನಿಂದ ಕೆರೆದು, ಒಳಗೆ ಇನ್ನೂ ಕೆಂಪಗಿದೆ ನೋಡು ಎಂದ. ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟನ್ನೇ ವಿದ್ಯುತ್ತಿಗಾಗಿ ಮುಳುಗಿಸಿದ ಕಣಿವೆಯಲ್ಲಿ ಮೂರನೆಯ ಸುತ್ತು ಬರುತ್ತದೆಂದು ಆಗ ನಮಗೆ ಹೊಳೆದಿರಲಿಲ್ಲ.

ಆ ಮೂರನೆಯ ಸುತ್ತೇ ಶರಾವತಿ ಪಂಪ್ಡ್ ಸ್ಟೋರೇಜ್, 2000 ಮೆಗಾವ್ಯಾಟ್. ಮಧ್ಯಾಹ್ನ ಪಾವಗಡದಂಥ ಕಡೆ ಸೂರ್ಯನ ವಿದ್ಯುತ್ ಮಿಗುವಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಡುವುದು. ನೂರು ಯೂನಿಟ್ ಸುರಿದರೆ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತದೆ. ಇದು ಮೋಸವಲ್ಲ, ಬ್ಯಾಟರಿಯಲ್ಲೂ ಸೋರಿಕೆ ಇದೆ. ಎರಡೂ ಜಲಾಶಯಗಳು ಈಗಾಗಲೇ ಇರುವಂಥವು, ಹಾಗಾಗಿ ಈ ಸಲ ಯಾವ ಅಜ್ಜಿಯ ಗದ್ದೆಯೂ ಮುಳುಗುವುದಿಲ್ಲ. ಆದರೆ ಆ ಎರಡರ ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಸುರಂಗ, ರಸ್ತೆ, ತಂತಿಮಾರ್ಗ ಎಲ್ಲವೂ ಘಟ್ಟದ ಇಳಿಜಾರಿನಲ್ಲಿ, ಮಳೆಗೆ ಮಣ್ಣು ಜಾರುವ ಜಾಗದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಯಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು, ಜನ ಬೇಡವೆಂದರು.

ನಾನು ಯಾವ ಕಡೆ? ಈ ಪ್ರಶ್ನೆಗೆ ಊರಿನಲ್ಲಿ ಒಂದು ಉತ್ತರ, ಬೆಂಗಳೂರಿನಲ್ಲಿ ಒಂದು ಉತ್ತರ ಕೊಡುತ್ತಿದ್ದೆ, ಅದು ಸಾಕಾಗಿದೆ. ಹಗಲನ್ನು ಕೂಡಿಡದೆ ಕಲ್ಲಿದ್ದಲು ಬಿಡಲಾಗದು, ಇದು ನನಗೆ ಮನವರಿಕೆಯಾಗಿದೆ. ಆದರೆ ಕೂಡಿಡಲು ಬ್ಯಾಟರಿ ಇದೆ, ಬೋಳುಗುಡ್ಡಗಳ ನಡುವೆ ಇದೇ ಕೆಲಸ ಮಾಡುವ ಜಾಗಗಳಿವೆ, ಸಂಜೆಯ ಬೇಡಿಕೆಯನ್ನೇ ಸ್ವಲ್ಪ ಮಧ್ಯಾಹ್ನಕ್ಕೆ ಸರಿಸುವ ದಾರಿ ಇದೆ. ಅದನ್ನೆಲ್ಲ ಬಿಟ್ಟು ಮೊದಲ ಬೆರಳು ಮತ್ತೆ ಅದೇ ಕಣಿವೆಯತ್ತ ಹೋಗುವುದು ಅಲ್ಲಿ ನಮ್ಮಷ್ಟು ಜೋರು ದನಿ ಇಲ್ಲದ್ದರಿಂದ ಎಂದು ನನ್ನ ಅನುಮಾನ. ಹಿನ್ನೀರಿನ ಆಚೆಯವರು ಲಾಂಚ್ ಕಾಯುತ್ತ ಅರವತ್ತು ವರ್ಷ ಕಳೆದರು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದದ್ದು 2025ರ ಜುಲೈನಲ್ಲಿ. ಸಾಲ ಕೊಟ್ಟವನೊಬ್ಬ ಮೊದಲನೆಯದರ ಬಡ್ಡಿ ಈಚೆಗಷ್ಟೇ ಕಂಡಿರುವಾಗ ಅವನ ಬಳಿಯೇ ಇನ್ನೊಂದು ಸಾಲ ಕೇಳಿದ ಹಾಗಿದೆ.

ಮಧ್ಯಾಹ್ನಕ್ಕೊಬ್ಬ ಹೊಸ ಗಿರಾಕಿ

ಶಿರಾಕ್ಕೆ ಮರಳುತ್ತೇನೆ, ಯಾಕೆಂದರೆ ಅಲ್ಲಿ ಸದ್ದಿಲ್ಲದೆ ಒಂದು ಒಳ್ಳೆಯದಾಗಿದೆ. ಅಲ್ಲಿಂದ ಒಂದೆರಡು ಗಂಟೆಯ ದಾರಿ ಪಾವಗಡದ ಸೌರ ಪಾರ್ಕ್. ಹದಿಮೂರು ಸಾವಿರ ಎಕರೆ, 2050 ಮೆಗಾವ್ಯಾಟ್, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆ. ಜಮೀನಿದ್ದವರಿಗೆ ಬಾಡಿಗೆ ಬಂತು, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನೂ ಬರಲಿಲ್ಲ. ಅದು ಬೇರೆಯೇ ಬರಹ. ಇಲ್ಲಿ ಹೇಳಬೇಕಾದದ್ದು ಇಷ್ಟು: ರಾಜ್ಯದಲ್ಲಿ ಸೌರ ವಿದ್ಯುತ್ ಹೆಚ್ಚಾದಂತೆ ಮಧ್ಯಾಹ್ನದ ಕರೆಂಟಿಗೆ ಗಿರಾಕಿ ಬೇಕಾದ, ಹಾಗಾಗಿ ಸಬ್‌ಸ್ಟೇಷನ್ನಿನಿಂದ ಪಂಪ್‌ಸೆಟ್ಟುಗಳಿಗೆ ಹೋಗುವ ಫೀಡರ್ ತಂತಿಗಳ ಪಾಳಿ ಹಲವು ಕಡೆ ರಾತ್ರಿಯಿಂದ ಹಗಲಿಗೆ ಜರುಗಿತು. ಪಂಪ್‌ಸೆಟ್ಟುಗಳಿಗೆ ಸೌರ ವಿದ್ಯುತ್ ಕೊಡುವ ಕುಸುಮ್ ಯೋಜನೆಯಲ್ಲಿ ಈಗ ಫೀಡರಿನ ಬಳಿಯೇ ಫಲಕ ಹಾಕುತ್ತಿದ್ದಾರೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅದರ ಉದ್ಘಾಟನೆಗೆ ರಾಜ್ಯದ ಮುಖ್ಯಮಂತ್ರಿ, ಕೇಂದ್ರದ ಸಚಿವರು ಒಂದೇ ವೇದಿಕೆಯಲ್ಲಿದ್ದರು. ಭಾಷಣಗಳಲ್ಲಿ ಮೆಗಾವ್ಯಾಟ್ ಬರುತ್ತದೆ, ಸಬ್ಸಿಡಿ ಉಳಿತಾಯ ಬರುತ್ತದೆ. ಇಷ್ಟು ರೈತರು ಇನ್ನು ಮೇಲೆ ರಾತ್ರಿ ಮಲಗುತ್ತಾರೆ ಎಂಬ ಅಂಕಿ ಯಾವ ಜಾಹೀರಾತಿನಲ್ಲೂ ಇಲ್ಲ. ಈ ರಾಜ್ಯದ ಹವಾಮಾನ ನೀತಿಯಿಂದ ನನ್ನ ಕುಟುಂಬಕ್ಕೆ ಕಣ್ಣಿಗೆ ಕಾಣುವ ಹಾಗೆ ಸಿಕ್ಕ ಲಾಭ ಅದೊಂದೇ.

ಈಗ ನನ್ನ ಆತಂಕ. ಮಧ್ಯಾಹ್ನದ ಕರೆಂಟು ಮಾವನಿಗೆ ಸಿಕ್ಕಿದ್ದು ಅವರ ಮೇಲಿನ ಪ್ರೀತಿಯಿಂದಲ್ಲ, ಅದನ್ನು ಬೇರೆ ಯಾರೂ ಕೇಳದಿದ್ದುದರಿಂದ. ಇಪ್ಪತ್ತು ವರ್ಷದ ಹಿಂದೆ ರಾತ್ರಿಯದು ಸಿಕ್ಕಿದ್ದೂ ಅದೇ ಕಾರಣಕ್ಕೆ. ನಾಳೆ ಶರಾವತಿಯಲ್ಲೋ ಬ್ಯಾಟರಿಯಲ್ಲೋ ಮಧ್ಯಾಹ್ನವನ್ನು ತುಂಬಿಟ್ಟು ಸಂಜೆ ಹತ್ತು ರೂಪಾಯಿಗೆ ಮಾರುವ ದಾರಿ ತೆರೆದರೆ ಮಧ್ಯಾಹ್ನಕ್ಕೂ ಹಣವಂತ ಗಿರಾಕಿ ಹುಟ್ಟುತ್ತಾನೆ. ಆಗ ದುಡ್ಡು ಕೊಡದ ಪಂಪ್‌ಸೆಟ್ಟಿನ ಪಾಳಿ ಎಲ್ಲಿಗೆ ಹೋಗುತ್ತದೆ? ಹಗಲಿನ ಏಳು ಗಂಟೆ ಎಂದು ಕಾನೂನಿನಲ್ಲಿ ಬರೆದಿಡಿ ಎಂದು ಯಾವ ಪಕ್ಷದ ಪ್ರಣಾಳಿಕೆಯೂ ಹೇಳಿದ್ದನ್ನು ನಾನು ಓದಿಲ್ಲ. ರೈತ ಸಂಘಟನೆಗಳು ಹಗಲು ಕೊಡಿ ಎಂದು ಕೇಳುತ್ತ ಬಂದಿವೆ. ಶರಾವತಿ ಉಳಿಸಿ ಎನ್ನುವವರೂ ಶಿರಾದ ರೈತರೂ ಒಂದೇ ವೇದಿಕೆಯಲ್ಲಿ ಕೂತು ಈ ಪ್ರಶ್ನೆ ಎತ್ತಿದ್ದನ್ನು ಮಾತ್ರ ನಾನಿನ್ನೂ ನೋಡಿಲ್ಲ. ಒಬ್ಬರಿಗೆ ಇನ್ನೊಬ್ಬರು ಗೊತ್ತೇ ಇಲ್ಲ. ಗೊತ್ತಿರುವುದು ನನ್ನಂಥ, ಎರಡೂ ಕಡೆ ನಂಟಿರುವ ಅಳಿಯಂದಿರಿಗೆ.

ಹೋದ ತಿಂಗಳು ಶಿರಾದಲ್ಲಿ ಎರಡು ರಾತ್ರಿ ಇದ್ದೆ. ತ್ರೀಫೇಸ್ ಈಗ ಬೆಳಿಗ್ಗೆ ಒಂಬತ್ತರಿಂದ. ಫೋನಿನ ಹೆಣ್ಣು ದನಿ ತಿಂಡಿಯ ಹೊತ್ತಿಗೆ ಬರುತ್ತದೆ, ಮಾವ ಚಿತ್ರಾನ್ನದ ಕೈಯಲ್ಲೇ ಅದನ್ನು ಕೇಳಿಸಿಕೊಳ್ಳುತ್ತಾರೆ. ರಾತ್ರಿ ಮಾತ್ರ ಮತ್ತೆ ಓಡಾಟ ಕೇಳಿ ಎಚ್ಚರವಾಯಿತು. ಗಡಿಯಾರ ನೋಡಿದರೆ ಎರಡು. ಮಾವ ಜಗಲಿಯ ದೀಪ ಹಾಕಿ, ಗೋಡೆಗೆ ಒರಗಿಸಿದ್ದ ಸನಿಕೆಯನ್ನು ಒಮ್ಮೆ ಮುಟ್ಟಿ, ನನ್ನನ್ನು ಕಂಡು, 'ಮಲಗು, ಏನೂ ಇಲ್ಲ' ಎಂದು ದೀಪ ಆರಿಸಿದರು. ದಿನಾ ಹೀಗೇ, ಕರೆಂಟು ಬದಲಾದರೂ ಇವರು ಬದಲಾಗಲಿಲ್ಲ ಎಂದು ಅತ್ತೆ ಒಳಗಿನಿಂದ ಗೊಣಗಿದರು.